ಸದ್ದಿಲ್ಲದ ಜಾಗ ಹುಡುಕೋದು ಹೇಗೆ? ಲೈವ್ ಸಂಗೀತವೂ ಬೇಕು ಅನ್ನೋರು ಯಾರಾದರೂ ಇದ್ದೀರಾ?

ಕಾಲುದಾರಿ:

ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ ಇವೆ. ಒಂದಕ್ಕೊಂದು ಸಂಬಂಧ ಇದೆಯೋ ಇಲ್ಲವೋ ನೀವೇ ಹೇಳಿ.

ಮೊದಲನೆಯದು. ಹೊರಗೆ, ಬಯಲಲ್ಲಿ, ನಿಜವಾಗಲೂ ಸದ್ದಿಲ್ಲದ ಜಾಗ ಹುಡುಕುವುದು ಹೇಗೆ? ಊರಿಂದ ದೂರ ಹೋಗಿ ಅನ್ನಬೇಡಿ, ಅದನ್ನು ಮಾಡಿ ಆಗಿದೆ. ಎಷ್ಟು ದೂರ ನಡೆದರೂ ಹೆದ್ದಾರಿಯ ಗುಂಯ್ ಅನ್ನುವ ಸದ್ದು ಬೆನ್ನು ಬಿಡುವುದಿಲ್ಲ. ಅದು ನಿಂತಿತು ಅನ್ನುವಷ್ಟರಲ್ಲಿ ತಲೆ ಮೇಲೆ ವಿಮಾನ. ಅದೂ ಹೋಯಿತು ಅಂದರೆ ಯಾರೋ ಬ್ಲೂಟೂತ್ ಸ್ಪೀಕರ್ ಹಿಡಿದುಕೊಂಡು ಬರುತ್ತಾರೆ. ಚೆನ್ನಾಗಿದೆ ಎಂದು ಹೆಸರಾದ ಜಾಗಕ್ಕೆಲ್ಲ ಜನ ಬಂದೇ ಬರುತ್ತಾರೆ, ಅದಕ್ಕೆ ಬೈದು ಪ್ರಯೋಜನ ಇಲ್ಲ, ನಾನೂ ಆ ಜನರಲ್ಲಿ ಒಬ್ಬ ತಾನೇ.

ಎರಡನೆಯದು. ನನಗೆ ಲೈವ್ ಸಂಗೀತ ಅಂದರೆ ಪ್ರಾಣ. ಹೆಡ್‌ಫೋನ್ ಹಾಕಿಕೊಂಡು ಕೇಳುವುದಕ್ಕೂ, ಹಾಡುವವರು ಸಾಲಿನ ನಡುವೆ ಉಸಿರು ಎಳೆದುಕೊಳ್ಳುವುದು ಕೇಳುವಷ್ಟು ಹತ್ತಿರ ಕೂರುವುದಕ್ಕೂ ಅಜಗಜಾಂತರ. ಆದರೆ ದೊಡ್ಡ ಕಾರ್ಯಕ್ರಮಗಳಲ್ಲಿ ಸೌಂಡ್ ಎಷ್ಟಿರುತ್ತದೆ ಅಂದರೆ ಮನೆಗೆ ಬಂದಾಗ ನೆನಪಿರುವುದು ಡ್ರಮ್ಸ್ ಮಾತ್ರ. ಹಾಗೆಂದು ಹೋಗದೆ ಇರುವುದಕ್ಕೂ ಆಗುವುದಿಲ್ಲ.

ಗೆಳೆಯರು ತಮಾಷೆ ಮಾಡುತ್ತಾರೆ, ನಿನಗೆ ಮೌನ ಬೇಕೋ ಸಂಗೀತ ಬೇಕೋ ಮೊದಲು ತೀರ್ಮಾನ ಮಾಡು ಎಂದು. ನನಗೆ ಎರಡೂ ಬೇಕು. ಇದು ವಿಚಿತ್ರವೇ? ಇಲ್ಲಿ ಇಂಥವರು ಬೇರೆ ಯಾರಾದರೂ ಇದ್ದರೆ ಏನು ಮಾಡುತ್ತೀರಿ ಹೇಳಿ.

ಗುಡ್ಡದಾಚೆ:

ಮೊದಲ ಪ್ರಶ್ನೆ ನನ್ನದು. ಎರಡನೆಯದಕ್ಕೆ ಇಲ್ಲಿ ಬೇರೆ ಜನ ಇದ್ದಾರೆ, ಬರುತ್ತಾರೆ.

ದೂರಕ್ಕಿಂತ ಅಡ್ಡ ಮುಖ್ಯ. ಒಂದು ಕಡೆಯಿಂದ ಬರುವ ಸದ್ದು, ಜನರೇಟರ್ ಅಂದುಕೊಳ್ಳಿ, ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆದರೆ ಬಿಡುವಿಲ್ಲದೆ ಗಾಡಿ ಓಡುವ ಹೆದ್ದಾರಿ ಒಂದು ಚುಕ್ಕೆ ಅಲ್ಲ, ಉದ್ದನೆಯ ಗೆರೆ. ಆ ಗೆರೆಯ ಎಲ್ಲಾ ಕಡೆಯಿಂದಲೂ ಸದ್ದು ಬರುತ್ತಿರುತ್ತದೆ. ಹಾಗಾಗಿ ದೂರ ಎರಡರಷ್ಟಾದರೂ ಇಳಿಯುವುದು ಸುಮಾರು 3 ಡೆಸಿಬಲ್ ಅಷ್ಟೇ. ನೀವು ಒಂದು ಕಿಲೋಮೀಟರ್ ನಡೆದು, ಇನ್ನೊಂದು ಕಿಲೋಮೀಟರ್ ನಡೆದರೂ ಆ ಗುಂಯ್ ಹೋಗದಿರುವುದಕ್ಕೆ ಕಾರಣ ಇದೇ.

ಅದೇ ನಡುವೆ ಒಂದು ಗುಡ್ಡ ಬಂದರೆ ಕಥೆಯೇ ಬೇರೆ. ನೆತ್ತಿಯಲ್ಲಿ ನಿಂತಾಗ ರಸ್ತೆ ಕಾಣುತ್ತಿದ್ದರೆ ಅದರ ಸದ್ದೂ ಕೇಳುತ್ತದೆ. ಆಚೆ ಬದಿಗೆ ಸ್ವಲ್ಪ ಇಳಿಯಿರಿ, ರಸ್ತೆ ಕಣ್ಣಿಗೆ ಮರೆಯಾಗುತ್ತಿದ್ದಂತೆ ಸದ್ದು ತಟ್ಟನೆ ತಗ್ಗುತ್ತದೆ. ಆದ್ದರಿಂದ ವ್ಯೂ ಪಾಯಿಂಟ್‌ಗಳಿಗೆ ಹೋಗಲೇಬೇಡಿ. ಕಣ್ಣಿಗೆ ಎಲ್ಲವೂ ಕಾಣುವ ಜಾಗದಲ್ಲಿ ಕಿವಿಗೂ ಎಲ್ಲವೂ ಕೇಳುತ್ತದೆ. ಎತ್ತರ ತೋರಿಸುವ ಗೆರೆಗಳಿರುವ ಮ್ಯಾಪ್ ತೆಗೆದು, ರಸ್ತೆಗೆ ಬೆನ್ನು ಮಾಡಿರುವ ಕಣಿವೆಗಳನ್ನು ನೋಡಿ. ಯಾರೂ ಫೋಟೋ ತೆಗೆಯದ, ಹೆಸರೇ ಇಲ್ಲದ ತಗ್ಗುಗಳು ಸಿಗುತ್ತವೆ.

ಮರಗಳನ್ನು ನಂಬಬೇಡಿ. ಒಂದೆರಡು ಸಾಲು ಮರ ಸದ್ದನ್ನು ತಡೆಯುವುದೇ ಇಲ್ಲ ಅಂದರೂ ನಡೆಯುತ್ತದೆ. ರಸ್ತೆಯನ್ನು ಮರೆ ಮಾಡುತ್ತವೆ, ಅದರಿಂದ ಕಮ್ಮಿಯಾದಂತೆ ಅನ್ನಿಸುತ್ತದೆ ಅಷ್ಟೇ. ಹತ್ತಾರು ಮೀಟರ್ ಅಗಲ, ಕೆಳಗೆಲ್ಲ ಪೊದೆ ತುಂಬಿದ ದಟ್ಟ ಕಾಡಾದರೆ ವ್ಯತ್ಯಾಸ ಗೊತ್ತಾಗುತ್ತದೆ. ನೆಲದ ಪಾಲೂ ಇದೆ. ತರಗೆಲೆ, ಹುಲ್ಲು, ಹೊಸದಾಗಿ ಬಿದ್ದ ಹಿಮ ಇವೆಲ್ಲ ಸದ್ದು ಹೀರುತ್ತವೆ. ಬಂಡೆ, ನೀರು, ಡಾಂಬರು ವಾಪಸ್ ಎಸೆಯುತ್ತವೆ.

ಗಾಳಿ ರಸ್ತೆ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿದ್ದರೆ ಸದ್ದು ನೆಲದ ಕಡೆ ಬಾಗಿ ನಿಮ್ಮ ಕಿವಿಗೇ ಬರುತ್ತದೆ. ನಿಮ್ಮಿಂದ ರಸ್ತೆ ಕಡೆಗೆ ಬೀಸುತ್ತಿದ್ದರೆ ಮೇಲಕ್ಕೆ ಬಾಗಿ ತಲೆ ದಾಟಿ ಹೋಗುತ್ತದೆ. ಹೊರಡುವ ಮುಂಚೆ ಹವಾಮಾನದ ಆ್ಯಪ್‌ನಲ್ಲಿ ಮಳೆ ನೋಡುತ್ತೀರಲ್ಲ, ಗಾಳಿಯ ದಿಕ್ಕನ್ನೂ ನೋಡಿ.

ಇನ್ನು ಹೊತ್ತು. ಎಲ್ಲರೂ ನಸುಕಿನಲ್ಲಿ ಹೋಗಿ ಅನ್ನುತ್ತಾರೆ. ಜನ ಕಮ್ಮಿ, ನಿಜ. ಆದರೆ ರಾತ್ರಿಯೆಲ್ಲ ನೆಲ ತಣ್ಣಗಾಗಿರುತ್ತದೆ, ನೆಲದ ಹತ್ತಿರದ ಗಾಳಿ ತಂಪು, ಅದರ ಮೇಲಿನದು ಬೆಚ್ಚಗೆ. ಆಗ ಸದ್ದು ಮೇಲೆ ಹೋಗುವ ಬದಲು ಕೆಳಗೆ ಬಾಗಿ ತುಂಬಾ ದೂರ ಓಡುತ್ತದೆ. ಹಗಲೆಲ್ಲ ಕೇಳದ ರೈಲಿನ ಸೀಟಿ ನಸುಕಿನಲ್ಲಿ ಕೇಳುವುದು ಇದಕ್ಕೇ. ಕೆರೆ ದಂಡೆಯಲ್ಲಿ ಸಂಜೆ ಹೊತ್ತು ಆಚೆ ದಡದವರ ಮಾತು ಅಕ್ಷರ ಅಕ್ಷರ ಕೇಳುವುದೂ ಇದಕ್ಕೇ. ಬಿಸಿಲೇರಿದ ಮೇಲೆ ಎಲ್ಲಾ ಉಲ್ಟಾ, ದೂರದ ಸದ್ದು ಮೇಲಕ್ಕೆ ಬಾಗಿಬಿಡುತ್ತದೆ. ವಾರದ ನಡುವಿನ ದಿನ ಮಟಮಟ ಮಧ್ಯಾಹ್ನ, ಎಲ್ಲರೂ ಸೆಕೆ ಎಂದು ಬೈಯುವ ಹೊತ್ತಿನಲ್ಲಿ ಒಂದು ಸಲ ಹೋಗಿ ನೋಡಿ.

ವಿಮಾನಕ್ಕೆ ಮದ್ದಿಲ್ಲ. ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್ ತೆರೆದು ನಿಮ್ಮ ಜಾಗದ ಮೇಲೆ ಯಾವ ದಾರಿ ಹೋಗುತ್ತದೆ ಎಂದು ನೋಡಬಹುದು, ಅಷ್ಟೇ. ಅಮೆರಿಕದ ಒಲಿಂಪಿಕ್ ನ್ಯಾಷನಲ್ ಪಾರ್ಕ್‌ನ ಹೋ ಮಳೆಕಾಡಿನಲ್ಲಿ ಗಾರ್ಡನ್ ಹೆಂಪ್ಟನ್ ಎಂಬ ಧ್ವನಿ ದಾಖಲೆಗಾರ 2005ರಲ್ಲಿ ಪಾಚಿ ಹಿಡಿದ ದಿಮ್ಮಿಯ ಮೇಲೆ ಒಂದು ಪುಟ್ಟ ಕೆಂಪು ಕಲ್ಲಿಟ್ಟರು. ಆ ಒಂದು ಚದರ ಇಂಚನ್ನು ಮನುಷ್ಯರ ಗದ್ದಲದಿಂದ ಕಾಪಾಡೋಣ ಎಂಬುದು ಅವರ ಲೆಕ್ಕ. ಒಂದು ಇಂಚು ಸುಮ್ಮನಿರಬೇಕಾದರೆ ಸುತ್ತ ಎಷ್ಟೋ ಮೈಲಿ ಸುಮ್ಮನಿರಬೇಕು, ಅಲ್ವಾ? ಒಳ್ಳೆಯ ಉಪಾಯ. ಆದರೂ ಅಲ್ಲಿ ಜೆಟ್ ಸದ್ದು ತಪ್ಪಲಿಲ್ಲ. ಆಮೇಲೆ ಅವರೇ ಸೇರಿ ಕಟ್ಟಿದ ಕ್ವಯಟ್ ಪಾರ್ಕ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ 2019ರಲ್ಲಿ ಈಕ್ವೆಡಾರ್‌ನ ಸಬಾಲೊ ನದಿ ಪ್ರದೇಶಕ್ಕೆ ಸದ್ದಿಲ್ಲದ ಜಾಗ ಎಂಬ ಮೊದಲ ಮಾನ್ಯತೆ ಕೊಟ್ಟಿತು. ಅಲ್ಲೇನು ಸದ್ದಿಲ್ಲವೇ? ಕಾಡಿನ ತುಂಬ ಕೀಟ, ಕಪ್ಪೆ, ಹಕ್ಕಿ. ಸದ್ದಿಲ್ಲದ ಜಾಗ ಅಂದರೆ ದೂರದ ಸಣ್ಣ ಸದ್ದು ಕೇಳಿಸುವ ಜಾಗ, ಹಾಗೆಂದುಕೊಂಡು ಹುಡುಕಿ. ಬೇಗ ಸಿಗುತ್ತದೆ.

ಮೈಕ್‌ಟೆಸ್ಟ್:

ಸೌಂಡ್ ಕೆಲಸ ಮಾಡುವವನು ನಾನು. ಬೈಸಿಕೊಂಡು ಅಭ್ಯಾಸ ಇದೆ, ಧಾರಾಳವಾಗಿ ಬೈಯಿರಿ.

ಕಾಲುದಾರಿ ಅವರೇ, ನಿಮಗೆ ಡ್ರಮ್ಸ್ ಮಾತ್ರ ನೆನಪಿರುವುದಕ್ಕೆ ನೀವು ನಿಂತ ಜಾಗ ಕಾರಣ ಇರಬಹುದು. ವೇದಿಕೆಗೆ ಅಂಟಿಕೊಂಡು ನಿಂತರೆ ಬಾಸ್ ಬಾಕ್ಸ್‌ಗಳು ನಿಮ್ಮ ಎದೆ ಎತ್ತರಕ್ಕೇ ಇರುತ್ತವೆ. ಹಾಡು ಬರುವ ಮುಖ್ಯ ಸ್ಪೀಕರ್‌ಗಳು ಮೇಲೆ ನೇತಾಡುತ್ತಿರುತ್ತವೆ, ಹಿಂದಿನವರ ಕಡೆ ಗುರಿ ಇಟ್ಟುಕೊಂಡು. ಅಂದರೆ ಹಾಡು ನಿಮ್ಮ ತಲೆ ಮೇಲಿಂದ ಹಾರಿ ಹೋಗುತ್ತಿದೆ, ನಿಮಗೆ ಸಿಗುವುದು ಗುದ್ದು ಮಾತ್ರ. ಅದರಲ್ಲೂ ಬಾಸ್ ಬಾಕ್ಸ್ ಎಡಕ್ಕೆ ಒಂದು ಗುಂಪು ಬಲಕ್ಕೆ ಒಂದು ಗುಂಪು ಇಟ್ಟಿದ್ದರೆ, ಸರಿಯಾಗಿ ನಡುವಿನ ಗೆರೆಯಲ್ಲಿ ಎರಡೂ ಕಡೆಯ ಸದ್ದು ಒಟ್ಟಿಗೆ ಬಂದು ಕೂಡಿಕೊಳ್ಳುತ್ತದೆ. ಕೆಲವೇ ಮೀಟರ್ ಪಕ್ಕಕ್ಕೆ ಸರಿದರೆ ಗುದ್ದು ಕಮ್ಮಿ.

ತೀರಾ ಹಿಂದೆ ಹೋದರೂ ಕಷ್ಟ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಆದ್ದರಿಂದ 100 ಮೀಟರ್ ಹಿಂದೆ ನಿಂತವರಿಗೆ ವೇದಿಕೆಯ ಸದ್ದು ಸುಮಾರು ಸೆಕೆಂಡಿನ ಮೂರನೇ ಒಂದು ಭಾಗ ತಡ. ಡ್ರಮ್ಸ್ ಮೇಲೆ ಕೋಲು ಬಿದ್ದು ಮೇಲೆದ್ದಾಗ ಸದ್ದು ಬರುತ್ತದೆ. ಜೊತೆಗೆ ದೂರ ಹೋದಷ್ಟೂ ಗಾಳಿ ತಾರದ ಸ್ವರಗಳನ್ನು ಮೊದಲು ತಿಂದುಹಾಕುತ್ತದೆ, ಮಂದ್ರ ಉಳಿಯುತ್ತದೆ. ಎಲ್ಲೋ ದೂರದ ಕಾರ್ಯಕ್ರಮ ಬರೀ ಧುಂ ಧುಂ ಎಂದು ಕೇಳುವುದು ಹಾಗೆಯೇ. ದೊಡ್ಡ ಮೈದಾನಗಳಲ್ಲಿ ನಡುನಡುವೆ ಕಂಬಕ್ಕೆ ಸ್ಪೀಕರ್ ಕಟ್ಟಿ, ಅವುಗಳ ಸದ್ದನ್ನು ಬೇಕೆಂದೇ ಅಷ್ಟಷ್ಟು ತಡ ಮಾಡಿ ಬಿಡುತ್ತೇವೆ, ಮುಂದಿನ ಸದ್ದಿನ ಜೊತೆ ಸೇರಲಿ ಎಂದು.

ನಿಲ್ಲಬೇಕಾದ ಜಾಗ ಸೌಂಡ್ ಹೊಂದಿಸುವ ಮಿಕ್ಸರ್ ಮೇಜಿನ ಪಕ್ಕ, ಅಥವಾ ಅದರ ಎದುರು ಸ್ವಲ್ಪ ಮುಂದೆ. ಅಲ್ಲಿ ಕೂತವನು ತನ್ನ ಕಿವಿಗೆ ಸರಿ ಕೇಳುವ ಹಾಗೆ ಎಲ್ಲವನ್ನೂ ಹೊಂದಿಸಿರುತ್ತಾನೆ. ಅವನಿಗೇ ಸರಿ ಕೇಳದಿದ್ದರೆ ಇಡೀ ಮೈದಾನದಲ್ಲಿ ಯಾರಿಗೂ ಕೇಳುವುದಿಲ್ಲ.

ಕಿವಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 80 ಡೆಸಿಬಲ್, 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ನಲ್ಲಿ ನಿಮ್ಮ ಇಡೀ ವಾರದ ಪಾಲು ಅರ್ಧ ಗಂಟೆಯೊಳಗೆ ಖಾಲಿ. ಅದೇ ಸಂಸ್ಥೆ 2022ರಲ್ಲಿ ಕಾರ್ಯಕ್ರಮಗಳಿಗೆ ಒಂದು ಮಾನದಂಡ ಹೊರಡಿಸಿತು, 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಎಂದು. ಗಮನಿಸಿ, ಅದು ಮೇಲಿನ ಮಿತಿ. ಆಯೋಜಕರು ಬಂದು ಇನ್ನೂ ಏರಿಸಿ ಇನ್ನೂ ಏರಿಸಿ ಎನ್ನುವಾಗ ನಾನು ಇದನ್ನು ಹೇಳಿದರೆ ಮುಖ ನೋಡುತ್ತಾರೆ.

ಇಯರ್‌ಪ್ಲಗ್ ತೆಗೆದುಕೊಳ್ಳಿ. ಹಿಂಡಿ ತುರುಕುವ ಫೋಮ್‌ನದ್ದಲ್ಲ, ಅದು ತಾರದ ಸ್ವರಗಳನ್ನೇ ಜಾಸ್ತಿ ಕತ್ತರಿಸುತ್ತದೆ, ಎಲ್ಲಾ ಮಂಕಾಗುತ್ತದೆ. ಸಂಗೀತಗಾರರಿಗೆಂದೇ ಮಾಡಿದವು ಎಲ್ಲಾ ಸ್ವರವನ್ನೂ ಹೆಚ್ಚುಕಮ್ಮಿ ಸಮನಾಗಿ ತಗ್ಗಿಸುತ್ತವೆ. ಹಾಕಿಕೊಂಡ ಮೇಲೆ ಹಾಡಿನ ಪದಗಳು ಮೊದಲಿಗಿಂತ ಚೆನ್ನಾಗಿ ಕೇಳುತ್ತವೆ ಎಂದರೆ ಯಾರೂ ನಂಬುವುದಿಲ್ಲ. ಹಾಕಿ ನೋಡಿ.

ಗದ್ದಲಪ್ರಿಯ:

ಕ್ಷಮಿಸಿ, ನನ್ನದು ವಿರುದ್ಧ ಮಾತು. ಡೆಸಿಬಲ್ ಎಣಿಸಿಕೊಂಡು ಸಂಗೀತ ಕೇಳುವುದಕ್ಕೆ ಮನೆಯೇ ಸಾಕಲ್ವಾ? ಸಾವಿರ ಜನ ಒಟ್ಟಿಗೆ ಒಂದು ಸಾಲನ್ನು ಎತ್ತಿಕೊಂಡು ಹಾಡುವಾಗ, ಹಾಡುವವರೇ ಮೈಕನ್ನು ನಮ್ಮ ಕಡೆ ತಿರುಗಿಸಿ ಸುಮ್ಮನಾಗುತ್ತಾರಲ್ಲ, ಆ ಹೊತ್ತಿಗಾಗಿಯೇ ನಾನು ಹೋಗುವುದು. ಶ್ರುತಿ ತಪ್ಪುತ್ತದೆ, ತಾಳ ಹಿಂದೆ ಬೀಳುತ್ತದೆ, ಪಕ್ಕದವರ ಧ್ವನಿ ಕಿವಿಯೊಳಗೇ ಬಂದು ಬೀಳುತ್ತದೆ. ಅದೇ ಬೇಕು. ಮೌನ ಬೇಕಾದಾಗ ನಾನೂ ಹೊರಗೆ ಹೋಗುತ್ತೇನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಯಾಕೆ ತೂಗಬೇಕು?

ಇಯರ್‌ಪ್ಲಗ್ ಮಾತ್ರ ಒಪ್ಪಿದೆ. ಅದಕ್ಕೆ ಜಗಳ ಇಲ್ಲ.

ತಂತಿ_ಮೀಟಿ:

ಗದ್ದಲಪ್ರಿಯರು ಹೇಳಿದ ಆ ಹೊತ್ತು ನನಗೂ ಇಷ್ಟ. ಆದರೆ ಅದಕ್ಕೂ ಮುಂಚಿನ ಒಂದು ಕ್ಷಣ ಇದೆ, ಹಾಡುವವರು ನಿಲ್ಲಿಸಿದ್ದಾರೆ, ಜನ ಇನ್ನೂ ಎತ್ತಿಕೊಂಡಿಲ್ಲ. ಆ ಅರೆ ಕ್ಷಣ ಇಲ್ಲದಿದ್ದರೆ ಆಮೇಲಿನ ಕೂಗಿಗೆ ಏನು ಬೆಲೆ? ಕಾಲುದಾರಿ ಅವರು ಕೇಳುತ್ತಿರುವುದು ಅದನ್ನೇ ಎಂದು ನನಗೆ ಅನ್ನಿಸುತ್ತದೆ. ಗುಡ್ಡದಾಚೆ ಹೇಳಿದರಲ್ಲ, ಸಣ್ಣ ಸದ್ದು ಕೇಳಿಸುವ ಜಾಗ ಎಂದು. ಒಳ್ಳೆಯ ಕಾರ್ಯಕ್ರಮವೂ ಅಂಥದೇ ಜಾಗ. ಇದರಲ್ಲಿ ವಿಚಿತ್ರ ಏನೂ ಇಲ್ಲ, ನೀವು ಎರಡೂ ಕಡೆ ಹೋಗುತ್ತಿರುವುದು ಒಂದೇ ಕೆಲಸಕ್ಕೆ.

ನಾನು ಪಿಟೀಲು ನುಡಿಸುತ್ತೇನೆ. ಮೈಕ್ ಇಲ್ಲದೆ, ಬಯಲಲ್ಲಿ, ಮೂವತ್ತು ನಲವತ್ತು ಜನರಿಗೆ. ಇಂಥ ಕೂಟಗಳನ್ನು ಹುಡುಕಿ ಎಂದು ಹೇಳುವುದಕ್ಕೇ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಎರಡು ಪ್ರಶ್ನೆಗೂ ಇದು ಒಂದೇ ಉತ್ತರ. ಪೋಸ್ಟರ್ ಹಾಕುವುದು ಕಮ್ಮಿ. ಸಂಗೀತ ಶಾಲೆಗಳ ಸೂಚನಾ ಫಲಕ, ನುಡಿಸುವವರ ಸ್ವಂತ ಪುಟಗಳು, ವಾದ್ಯ ರಿಪೇರಿ ಮಾಡುವವರ ಬಾಯಿ, ಇಲ್ಲೆಲ್ಲ ಸುದ್ದಿ ಸಿಗುತ್ತದೆ.

ಬಯಲಲ್ಲಿ ನುಡಿಸುವುದು ಸುಲಭ ಅಲ್ಲ. ಒಳಗೆ ಗೋಡೆ, ಚಾವಣಿ ಸದ್ದನ್ನು ಮರಳಿಸಿ ತುಂಬಿಕೊಡುತ್ತವೆ. ಹೊರಗೆ ಬಿಲ್ಲು ಎತ್ತಿದ ತಕ್ಷಣ ಸ್ವರ ಸತ್ತುಹೋಗುತ್ತದೆ. ಅದಕ್ಕೇ ಹಿಂದೆ ಒಂದು ಗೋಡೆಯೋ ಬಂಡೆಯೋ ಇರುವ ಕಡೆ ಕೂರುತ್ತೇವೆ. ಉದ್ಯಾನಗಳಲ್ಲಿ ಚಿಪ್ಪಿನಾಕಾರದ ಬ್ಯಾಂಡ್ ವೇದಿಕೆ ಕಟ್ಟುವುದೂ ಆ ಕಾರಣಕ್ಕೇ. ಇನ್ನೊಂದು ತಲೆನೋವು ಶ್ರುತಿ. ಬಿಸಿಲಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ಅದೇ ಬಿಸಿಲಿಗೆ ಕೊಳಲಿನ ಒಳಗಿನ ಗಾಳಿ ಬಿಸಿಯಾಗಿ ಅದರ ಶ್ರುತಿ ಏರುತ್ತದೆ. ಇಬ್ಬರೂ ಜೊತೆಗೆ ಕೂತರೆ ನಾನು ಕೆಳಗೆ, ಅವರು ಮೇಲೆ. ಹಾಡು ಹಾಡಿಗೂ ಬಿರಡೆ ತಿರುಗಿಸುತ್ತಿರಬೇಕು. ಕೇಳುಗರಿಗೆ ಅದೂ ಇಷ್ಟವಾಗುತ್ತದೆ, ಯಾಕೋ ಗೊತ್ತಿಲ್ಲ.

ಜಾಗವನ್ನೇ ವಾದ್ಯ ಮಾಡಿಕೊಂಡವರೂ ಇದ್ದಾರೆ. ಕೆನಡಾದ ಆರ್. ಮರ್ರಿ ಶೇಫರ್ 1979ರಲ್ಲಿ ಒಂದು ಸಣ್ಣ ಸರೋವರದ ಸುತ್ತ 12 ಟ್ರಾಂಬೋನ್ (ಹಿತ್ತಾಳೆಯ ಊದುವ ವಾದ್ಯ) ವಾದಕರನ್ನು ನಿಲ್ಲಿಸಿ ನುಡಿಸುವ ಕೃತಿ ರಚಿಸಿದರು. ನುಡಿಸುವ ಹೊತ್ತು ಮುಂಜಾವು ಮತ್ತು ಮುಸ್ಸಂಜೆ. ಗುಡ್ಡದಾಚೆ ಅವರ ತಂಪು ಗಾಳಿಯ ವಿವರಣೆ ಓದಿದ ಮೇಲೆ ಆ ಹೊತ್ತು ಯಾಕೆಂದು ನಿಮಗೇ ಹೊಳೆಯುತ್ತದೆ. ಅಮೆರಿಕದ ಸಂಗೀತಗಾರ ಜಾನ್ ಕೇಜ್ ಅವರ ಪ್ರಸಿದ್ಧ ಮೌನದ ಕೃತಿ, ವಾದಕ ಒಂದು ಸ್ವರವನ್ನೂ ನುಡಿಸದೆ ನಾಲ್ಕು ನಿಮಿಷ 33 ಸೆಕೆಂಡ್ ಕೂರುತ್ತಾನಲ್ಲ, ಅದು ಮೊದಲು ನಡೆದದ್ದು 1952ರ ಆಗಸ್ಟ್ 29ರಂದು, ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿ, ಕಾಡಿಗೆ ತೆರೆದುಕೊಂಡ ಮರದ ಸಭಾಂಗಣದಲ್ಲಿ. ಮೊದಲ ಭಾಗದಲ್ಲಿ ಹೊರಗಿನ ಗಾಳಿ, ಎರಡನೆಯದರಲ್ಲಿ ಚಾವಣಿ ಮೇಲೆ ಮಳೆ ಹನಿ, ಮೂರನೆಯದರಲ್ಲಿ ಮಾತಾಡುತ್ತ ಎದ್ದು ಹೋಗುವ ಜನ ಕೇಳಿಸಿತು ಎಂದು ಕೇಜ್ ಆಮೇಲೆ ಹೇಳಿದರು. ನಾನಾಗಿದ್ದರೂ ಬಹುಶಃ ಗೊಣಗುತ್ತಿದ್ದೆ.

ಗ್ರೀಸಿನ ಎಪಿಡಾರಸ್ ಬಯಲು ರಂಗಮಂದಿರಕ್ಕೂ ಒಮ್ಮೆ ಹೋಗುವ ಆಸೆ ಇದೆ. ಕ್ರಿಸ್ತಪೂರ್ವ 4ನೇ ಶತಮಾನದ್ದು. ನಡುವೆ ನಾಣ್ಯ ಬಿದ್ದರೆ ಕೊನೇ ಸಾಲಿಗೂ ಕೇಳುತ್ತದಂತೆ.

ಮೈಕ್‌ಟೆಸ್ಟ್:

ತಂತಿ ಅವರೇ, ಹೋಗಿ, ಆದರೆ ನಾಣ್ಯದ ಕಥೆಯನ್ನು ಪೂರ್ತಿ ನಂಬಬೇಡಿ. 2007ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು ಅಲ್ಲಿನ ಸುಣ್ಣಕಲ್ಲಿನ ಮೆಟ್ಟಿಲುಸಾಲುಗಳು ತಗ್ಗಿನ ಸ್ವರಗಳನ್ನು, ಅಂದರೆ ಜನರ ಗುಜುಗುಜು, ಗಾಳಿಯ ಸದ್ದನ್ನು ಸೋಸಿ, ಮೇಲಿನ ಸ್ವರಗಳನ್ನು ಉಳಿಸುತ್ತವೆ ಎಂದು ತೋರಿಸಿದರು. ಅದು ಚೆಂದದ ಕೆಲಸ. ಆದರೆ ಹತ್ತು ವರ್ಷದ ಮೇಲೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ವಿಶ್ವವಿದ್ಯಾಲಯದವರು ಅಲ್ಲೇ ಹೋಗಿ ಅಳತೆ ಮಾಡಿದಾಗ, ನಾಣ್ಯದ ಸದ್ದು, ಪಿಸುಮಾತು ಕೊನೇ ಸಾಲಿನವರೆಗೆ ತಿಳಿಯುವಷ್ಟು ಕೇಳುತ್ತದೆ ಎಂಬುದು ನಿಲ್ಲಲಿಲ್ಲ. ಎತ್ತಿದ ಧ್ವನಿಯಲ್ಲಿ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ಅದೇನು ಕಮ್ಮಿಯೇ.

ಕಿವಿಯೊಳಗಿನ_ಜೀರುಂಡೆ:

ಒಂದು ಮಾತು ಯಾರೂ ಹೇಳಿಲ್ಲ. ಕಿವಿಯೊಳಗೆ ಸದಾ ಕುಯ್ ಎನ್ನುವವರಿಗೆ ಪೂರ್ತಿ ಮೌನ ಸುಖ ಅಲ್ಲ. ನನಗೆ ಅದಿದೆ. ತೀರಾ ಸದ್ದಿಲ್ಲದ ತಗ್ಗಿನಲ್ಲಿ ಕೂತರೆ ಕೇಳುವುದೆಲ್ಲ ನನ್ನದೇ ಕಿವಿಯ ಸೀಟಿ. ನಮ್ಮಂಥವರು ಹರಿಯುವ ನೀರಿನ ಪಕ್ಕ ಕೂರಬೇಕು. ಜಲಪಾತ ಬೇಡ, ಅದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಕಲ್ಲುಗಳ ಮೇಲೆ ಹರಿಯುವ ಸಣ್ಣ ತೊರೆ ಸಾಕು, ಸೀಟಿ ಅದರೊಳಗೆ ಕರಗುತ್ತದೆ, ಹಕ್ಕಿ ಕೂಗು ಮಾತ್ರ ಮೇಲೆ ತೇಲುತ್ತದೆ. ಹೆದ್ದಾರಿಯ ಗುಂಯ್ ಮುಚ್ಚುವುದಕ್ಕೂ ಇದೇ ಉಪಾಯ, ಕಾಲುದಾರಿ ಅವರೇ. ಗುಡ್ಡ ಸಿಗದಿದ್ದರೆ ತೊರೆ ಹುಡುಕಿ.

ಕಾರ್ಯಕ್ರಮದಿಂದ ಬಂದ ಮೇಲೆ ಕಿವಿ ಕುಯ್ ಎನ್ನುತ್ತಿದ್ದರೆ, ಬೆಳಗ್ಗೆ ಸರಿಹೋಗುತ್ತದೆ ಎಂದು ಬಿಡಬೇಡಿ. ಸರಿಹೋದಂತೆ ಕಂಡರೂ ಒಳಗೆ ಪೆಟ್ಟಾಗಿರಬಹುದು.

ಕಾಲುದಾರಿ:

ಇಷ್ಟು ಬರೆಯುತ್ತೀರಿ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಮ್ಯಾಪ್ ತೆಗೆದು ಎರಡು ತಗ್ಗು ಗುರುತು ಮಾಡಿಕೊಂಡಿದ್ದೇನೆ, ಎರಡರ ಹೆಸರೂ ಮ್ಯಾಪ್‌ನಲ್ಲಿ ಇಲ್ಲ, ಒಳ್ಳೆಯ ಲಕ್ಷಣ.

ಒಂದು ಅನುಮಾನ. ನಾನು ಕೊಳಲು ಕಲಿಯುತ್ತಿದ್ದೇನೆ. ಅಂಥ ಜಾಗದಲ್ಲಿ ಕೂತು ನುಡಿಸಬಹುದಾ? ಅಥವಾ ನಾನೂ ಬ್ಲೂಟೂತ್ ಸ್ಪೀಕರ್‌ನವರ ಸಾಲಿಗೇ ಸೇರುತ್ತೇನಾ?

ಗದ್ದಲಪ್ರಿಯ:

ನುಡಿಸಿ ಮಾರಾಯ್ರೇ. ಕೊಳಲಿಗೆ ಯಾರು ಬೈಯುತ್ತಾರೆ.

ಗುಡ್ಡದಾಚೆ:

ನಾನು ಬೈಯುತ್ತೇನೆ. ಬೇಜಾರಾಗಬೇಡಿ, ಕಾರಣ ಕೇಳಿ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗದ್ದಲದ ಕಡೆ ಇರುವ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳು ತಗ್ಗಿನ ಸ್ವರ ಬಿಟ್ಟು ಎತ್ತರದ ಸ್ವರದಲ್ಲಿ ಹಾಡುವುದು ಕಂಡುಬಂತು. 2020ರಲ್ಲಿ ಲಾಕ್‌ಡೌನ್ ಬಂದು ಸ್ಯಾನ್ ಫ್ರಾನ್ಸಿಸ್ಕೊ ಸುತ್ತ ಗಾಡಿ ಓಡಾಟ ತೀರಾ ಕಮ್ಮಿಯಾದಾಗ ಅಲ್ಲಿನ ವೈಟ್-ಕ್ರೌನ್ಡ್ ಸ್ಪ್ಯಾರೋ ಎಂಬ ಗುಬ್ಬಿಯಂಥ ಹಕ್ಕಿಗಳು ಮೆಲ್ಲಗೆ ಹಾಡಿದವು, ಆದರೂ ಅವುಗಳ ಹಾಡು ಮೊದಲಿಗಿಂತ ದೂರ ತಲುಪಿತು. ಸದ್ದು ಅವುಗಳಿಗೆ ಕೆಲಸ. ಸಂಗಾತಿ ಕರೆಯಬೇಕು, ಗಡಿ ಸಾರಬೇಕು, ಹದ್ದು ಬಂತೆಂದು ಕೂಗಬೇಕು. ಗೂಡು ಕಟ್ಟುವ ಕಾಲದಲ್ಲಿ, ಕಾಯ್ದಿಟ್ಟ ಕಾಡಿನಲ್ಲಿ ಬೇಡವೇ ಬೇಡ. ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ ಸ್ಪೀಕರ್, ವಾದ್ಯ, ಮೋಟಾರು ಇತ್ಯಾದಿ 50 ಅಡಿ ದೂರದಲ್ಲಿ 60 ಡೆಸಿಬಲ್ ದಾಟುವಂತಿಲ್ಲ ಎಂಬ ನಿಯಮವೇ ಇದೆ. ನೀವು ಹೋಗುವ ಕಡೆ ಏನು ನಿಯಮ ಇದೆ ನೋಡಿಕೊಳ್ಳಿ.

ತಂತಿ_ಮೀಟಿ:

ಕಾಯ್ದಿಟ್ಟ ಕಾಡಿಗೆ ಒಪ್ಪಿದೆ. ಉಳಿದ ಕಡೆ ಅಷ್ಟು ಗಟ್ಟಿ ಹಿಡಿಯಬೇಕಿಲ್ಲ. ಖಾಲಿ ಮೈದಾನದ ಅಂಚು, ಕಲ್ಲು ಕ್ವಾರಿ, ಸೇತುವೆ ಕೆಳಗೆ, ಇವೆಲ್ಲ ಕೊಳಲಿಗೆ ಒಳ್ಳೆಯ ಜಾಗಗಳು. ಕಲ್ಲಿಗೆ ಬೆನ್ನು ಕೊಟ್ಟು ಕೂತರೆ ಸ್ವರ ಸ್ವಲ್ಪ ಹೊತ್ತು ಉಳಿಯುತ್ತದೆ, ನಿಮ್ಮ ತಪ್ಪೂ ನಿಮಗೆ ಸ್ಪಷ್ಟ ಕೇಳುತ್ತದೆ. ಕ್ವಾರಿಯಾದರೆ ಕೆಲಸ ನಿಂತಿದೆಯೇ, ಒಳಗೆ ಬಿಡುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ. ಬೇರೆ ಯಾರಾದರೂ ಬಂದು ಕೂತರೆ ಇಡಿ, ಅವರು ನುಡಿಸಿ ಎಂದರೆ ಎತ್ತಿಕೊಳ್ಳಿ.